ಚೆನ್ನಾಗಿರುವ ಮೆಟಲ್ ಡಿಟೆಕ್ಟರ್ ಯಾಕೆ ಮಾರಾಟಕ್ಕೆ ಬರುತ್ತದೆ?

ನನ್ನ ಹತ್ತಿರ ಇರುವ ಮೆಟಲ್ ಡಿಟೆಕ್ಟರ್‌ಗಳಲ್ಲಿ ಒಂದೂ ಹೊಸದಾಗಿ ಕೊಂಡದ್ದಲ್ಲ. ಎಲ್ಲವೂ ಬೇರೆಯವರು ಆಸೆಪಟ್ಟು ತರಿಸಿ, ಸ್ವಲ್ಪ ಸಮಯ ಬಳಸಿ, ಆಮೇಲೆ ಬೇಡ ಅಂತ ಮಾರಿದವು. ಮಂಗಳೂರು, ಉಡುಪಿ ಕಡೆಯ ಬೀಚುಗಳಲ್ಲಿ ಕಳೆದುಹೋದ ಉಂಗುರ, ಸರ ಹುಡುಕಿಕೊಡುವುದು ನನ್ನ ಹವ್ಯಾಸ. ಈ ದಾರಿಯಲ್ಲಿ ಡಿಟೆಕ್ಟರ್ ಸೆಟ್ ಮಾರುವವರ ಪರಿಚಯವೂ ಆಗುತ್ತಾ ಹೋಯಿತು. ಯಾಕೆ ಮಾರುತ್ತೀರಿ ಅಂತ ಎಲ್ಲರನ್ನೂ ಕೇಳುತ್ತೇನೆ. ಸೆಟ್ ಹಾಳಾಗಿದೆ ಅಂದವರು ತೀರಾ ಕಡಿಮೆ.

ಮಾರಾಟಕ್ಕೆ ಬರುವುದು ಹೆಚ್ಚಾಗಿ ಹೆಸರು ಮಾಡಿದ ಮಾಡೆಲ್‌ಗಳೇ. ಗ್ಯಾರೆಟ್ ಏಸ್ 250, ಮೈನ್‌ಲ್ಯಾಬ್ ಇಕ್ವಿನಾಕ್ಸ್, ನೋಕ್ಟಾ ಸಿಂಪ್ಲೆಕ್ಸ್. ಇಷ್ಟು ಜನ ಮಾರುತ್ತಿದ್ದಾರೆ ಅಂದರೆ ಏನೋ ದೋಷ ಇರಬೇಕು ಅಂತ ಕೆಲವರು ಹೆದರುತ್ತಾರೆ. ಸೆಕೆಂಡ್ ಹ್ಯಾಂಡ್ ಬೈಕಿನ ಅಂಗಡಿಯಲ್ಲಿ ಸ್ಪ್ಲೆಂಡರ್ ಸಾಲಾಗಿ ನಿಂತಿದ್ದರೆ ಆ ಬೈಕ್ ಕೆಟ್ಟದ್ದು ಅನ್ನುತ್ತೇವಾ? ಜಾಸ್ತಿ ಹೋದದ್ದು ಜಾಸ್ತಿ ವಾಪಸ್ ಬರುತ್ತದೆ, ಅಷ್ಟೆ.

ಹೊಸ ಮಾಡೆಲ್ ಬಂದಾಗ ಹಳೆಯದನ್ನು ಕೊಡುವವರೂ ಇದ್ದಾರೆ. 2018ರಲ್ಲಿ ಇಕ್ವಿನಾಕ್ಸ್ ಬಂತು. ಒಂದೇ ಸಲಕ್ಕೆ ಹಲವು ಫ್ರೀಕ್ವೆನ್ಸಿಯಲ್ಲಿ ಕೆಲಸ ಮಾಡುವ ಸೆಟ್ ಮಧ್ಯಮ ಬೆಲೆಗೆ ಸಿಗುವಂತಾಯಿತು. 2022ರಲ್ಲಿ ನೋಕ್ಟಾದ ಲೆಜೆಂಡ್ ಬಂತು. ಹವ್ಯಾಸ ಗಟ್ಟಿಯಾಗಿ ಹಿಡಿದವರು ಹೀಗೆ ಬದಲಾಯಿಸುತ್ತಲೇ ಇರುತ್ತಾರೆ. ಇಂಥವರ ಸೆಟ್ ಸಿಕ್ಕಿದರೆ ನಾನು ಚೌಕಾಸಿ ಕೂಡ ಹೆಚ್ಚು ಮಾಡುವುದಿಲ್ಲ. ಪ್ರತಿ ಸಲ ಸಿಹಿನೀರಿನಲ್ಲಿ ತೊಳೆದು, ಒರೆಸಿ ಇಟ್ಟಿರುತ್ತಾರೆ.

ಇವರಿಗಿಂತ ದೊಡ್ಡ ಗುಂಪು ಇನ್ನೊಂದಿದೆ. ತರಿಸಿದ ಕೆಲವೇ ತಿಂಗಳಲ್ಲಿ ಮಾರುವವರು. ಕಾಪುವಿನ ಒಬ್ಬರು ಸೆಟ್ಟನ್ನು ನನ್ನ ಕೈಗೆ ಕೊಡುತ್ತಾ, "ನೀರಿನ ಹತ್ರ ಹೋದ್ರೆ ಸುಮ್ನೆ ಕಿರುಚ್ತದೆ ಮಾರಾಯ್ರೆ, ಎಂತದೂ ಸಿಗುವುದಿಲ್ಲ" ಅಂದರು. ಅವರು ಹೇಳಿದ್ದು ಪೂರ್ತಿ ನಿಜ. ಆದರೆ ಸೆಟ್ ಸರಿಯಾಗಿಯೇ ಇತ್ತು.

ಡಿಟೆಕ್ಟರಿನ ಕೆಲಸ ಹೀಗಿದೆ. ಕೆಳಗಿನ ದುಂಡು ಕಾಯಿಲ್ ನೆಲದೊಳಗೆ ಒಂದು ಕಾಂತಕ್ಷೇತ್ರ ಕಳಿಸುತ್ತದೆ. ಅದು ಲೋಹಕ್ಕೆ ತಾಗಿದಾಗ ಲೋಹದೊಳಗೆ ಸಣ್ಣ ವಿದ್ಯುತ್ ಸುಳಿಗಳು ಹುಟ್ಟುತ್ತವೆ. ಆ ಸುಳಿಗಳು ತಮ್ಮದೇ ಕಾಂತಕ್ಷೇತ್ರವನ್ನು ಸ್ವಲ್ಪ ತಡವಾಗಿ ವಾಪಸ್ ಕಳಿಸುತ್ತವೆ. ಎಷ್ಟು ತಡ ಅನ್ನುವುದರ ಮೇಲೆ ಅದು ಯಾವ ಥರದ ಲೋಹ ಅಂತ ಸೆಟ್ ಅಂದಾಜು ಮಾಡುತ್ತದೆ. ತೊಂದರೆ ಏನೆಂದರೆ ಉಪ್ಪುನೀರಿನಲ್ಲೂ ವಿದ್ಯುತ್ ಹರಿಯುತ್ತದೆ. ಅಲೆ ಬಂದು ಹೋಗುವ ಒದ್ದೆ ಮರಳು ಸೆಟ್ಟಿಗೆ ತೆಳ್ಳನೆಯ ಲೋಹದ ಹಾಳೆಯ ಹಾಗೆ ಕೇಳಿಸುತ್ತದೆ. ಏಸ್ 250 ಕೆಲಸ ಮಾಡುವುದು 6.5 ಕಿಲೋಹರ್ಟ್ಸ್‌ನಲ್ಲಿ, ಸಿಂಪ್ಲೆಕ್ಸ್ 12ರಲ್ಲಿ. ಇಂಥ ಒಂದೇ ಫ್ರೀಕ್ವೆನ್ಸಿಯ ಸೆಟ್ಟುಗಳಿಗೆ ಉಪ್ಪಿನ ಸದ್ದನ್ನೂ ಮಣ್ಣಿನ ಸದ್ದನ್ನೂ ಒಟ್ಟಿಗೆ ತೆಗೆದುಹಾಕುವುದು ಕಷ್ಟ. ಅದೇ ಸೆಟ್ ಹಿಡಿದು ಹತ್ತು ಹೆಜ್ಜೆ ಮೇಲೆ, ಒಣ ಮರಳಿಗೆ ಬನ್ನಿ. ಮೌನವಾಗುತ್ತದೆ. ನಾನು ಕಾಪುವಿನವರ ಎದುರೇ ಇದನ್ನು ಮಾಡಿ ತೋರಿಸಿದೆ. ಅವರು ನಕ್ಕರು. ಆದರೂ ಮಾರಿಯೇಬಿಟ್ಟರು.

ಇದು ಕಡಲಿನ ಕಥೆ. ಹಿತ್ತಲಿಗೆ ಬಂದರೆ ನಮ್ಮ ಕೆಂಪು ಮುರಕಲ್ಲು ನೆಲದ್ದು ಬೇರೆಯೇ ತಕರಾರು. ಅದರಲ್ಲಿ ಕಬ್ಬಿಣದ ಅಂಶ ಜಾಸ್ತಿ. ಗ್ರೌಂಡ್ ಬ್ಯಾಲೆನ್ಸ್, ಅಂದರೆ ಮಣ್ಣಿನ ಸದ್ದು ಕೇಳದ ಹಾಗೆ ಹೊಂದಿಸಿಕೊಳ್ಳಲು ಅವಕಾಶವೇ ಇಲ್ಲದ ಸೆಟ್ ಇಲ್ಲಿ ಆಳಕ್ಕೆ ಹೋಗುವುದಿಲ್ಲ. ಪೆಟ್ಟಿಗೆಯ ಮೇಲೆ ಏನೇ ಬರೆದಿರಲಿ, ಮುರಕಲ್ಲಿನ ಮೇಲೆ ಒಂದು ನಾಣ್ಯ ಗೇಣಿನಷ್ಟು ಆಳದಲ್ಲಿ ಸಿಕ್ಕಿದರೆ ನನಗೆ ಸಮಾಧಾನ. ಹಳೆಯ ಮನೆಗಳ ಸುತ್ತ ಹೆಂಚಿನ ಚೂರುಗಳ ಕಾಟವೂ ಇದೆ. ಬಾಸೆಲ್ ಮಿಷನ್‌ನವರು ಮಂಗಳೂರಿನ ಜೆಪ್ಪುವಿನಲ್ಲಿ 1865ರಲ್ಲಿ ಹೆಂಚಿನ ಕಾರ್ಖಾನೆ ಶುರು ಮಾಡಿದ ಮೇಲೆ ಈ ಊರಲ್ಲಿ ಹೆಂಚಿಗೆ ಬರ ಬಂದದ್ದೇ ಇಲ್ಲ. ಕಬ್ಬಿಣದಂಶದ ಮಣ್ಣು ಬೆಂಕಿಯಲ್ಲಿ ಬೆಂದಾಗ ಅದಕ್ಕೆ ಸ್ವಲ್ಪ ಕಾಂತಗುಣ ಬರುತ್ತದೆ. ಹಾಗಾಗಿ ಕೆಲವು ಚೂರುಗಳು ಲೋಹದ ಥರವೇ ಬೀಪ್ ಕೊಡುತ್ತವೆ. ಅಗೆದವರಿಗೆ ಹೆಂಚು ಸಿಗುತ್ತದೆ. ಒಂದು ಭಾನುವಾರ ಪೂರ್ತಿ ಹೆಂಚು ಅಗೆದವನಿಗೆ ಮುಂದಿನ ಭಾನುವಾರ ಸೆಟ್ ಎತ್ತುವ ಮನಸ್ಸಾಗುವುದಿಲ್ಲ.

ಜನ ಸೆಟ್ ಕೊಳ್ಳುವುದು ಚಿನ್ನಕ್ಕೆ. ನಾಚಿಕೆಯ ಮಾತೇನಿಲ್ಲ, ಎಲ್ಲರಿಗೂ ಅದೇ ಆಸೆ. ಹೆಚ್ಚಿನವರ ಬೇಸರ ಶುರುವಾಗುವುದೂ ಅಲ್ಲೇ. ಸಣ್ಣ ಚಿನ್ನದ ಉಂಗುರ ಕೊಡುವ ಸದ್ದು ಮತ್ತು ಸಿಗರೇಟು ಪ್ಯಾಕಿನ ಅಲ್ಯೂಮಿನಿಯಂ ಹಾಳೆ ಕೊಡುವ ಸದ್ದು ಸೆಟ್ಟಿನ ಲೆಕ್ಕದಲ್ಲಿ ಹೆಚ್ಚುಕಡಿಮೆ ಒಂದೇ ಜಾಗದಲ್ಲಿ ಬೀಳುತ್ತವೆ. ಬಿಯರ್ ಕ್ಯಾನಿನ ಕಿವಿಯೂ ಅಲ್ಲೇ. ಕಸ ಬೇಡ ಅಂತ ಡಿಸ್ಕ್ರಿಮಿನೇಷನ್ (ಬೇಡದ ಲೋಹದ ಸದ್ದು ತಡೆಯುವ ಸೆಟ್ಟಿಂಗ್) ಏರಿಸಿದರೆ ಉಂಗುರವೂ ಹೋಯಿತು. ಪರದೆಯ ಮೇಲೆ ಬರುವ ಗುರುತುಗಳೂ ನಮಗೆ ಹೆಚ್ಚು ಉಪಯೋಗಕ್ಕಿಲ್ಲ. ಏಸ್ ಥರದ ಸೆಟ್ಟಿನಲ್ಲಿ ಪೆನ್ನಿ, ಡೈಮ್, ಕ್ವಾರ್ಟರ್ ಅಂತ ಅಮೆರಿಕದ ನಾಣ್ಯಗಳ ಲೆಕ್ಕ ಇರುತ್ತದೆ. ನಮ್ಮ ಈಗಿನ ಒಂದು, ಎರಡು ರೂಪಾಯಿ ನಾಣ್ಯಗಳು ಅಯಸ್ಕಾಂತಕ್ಕೆ ಅಂಟುವ ಸ್ಟೇನ್‌ಲೆಸ್ ಸ್ಟೀಲಿನವು. ಕಾಯಿಲ್ ಒಂದು ಕಡೆಯಿಂದ ಬೀಸಿದರೆ ಕಬ್ಬಿಣ ಅನ್ನುತ್ತದೆ, ಅಡ್ಡಕ್ಕೆ ಬೀಸಿದರೆ ದೊಡ್ಡ ನಾಣ್ಯ ಅನ್ನುತ್ತದೆ. ಸೋಡಾ ಬಾಟಲಿಯ ಮುಚ್ಚಳದ್ದೂ ಇದೇ ಬುದ್ಧಿ. ಹಳೆಯ ದಪ್ಪ ಐದು ರೂಪಾಯಿ ಮಾತ್ರ ಶುದ್ಧವಾಗಿ ಮಾತಾಡುತ್ತದೆ. ಅದು ತಾಮ್ರ ಮತ್ತು ನಿಕ್ಕಲ್ ಬೆರಕೆಯದ್ದು.

ಸರದ ವಿಷಯ ಇನ್ನೂ ಕಷ್ಟ. ನಮ್ಮ ಕಡೆ ಬೀಚಿನಲ್ಲಿ ಕಳೆದುಹೋಗುವುದು ಉಂಗುರ ಬಿಟ್ಟರೆ ಚೈನು, ಕರಿಮಣಿ. ನಾಲ್ಕು ಪವನಿನ ಚೈನು ಅಂದರೆ ಸೆಟ್ ಜೋರಾಗಿ ಕೂಗಬೇಕು ಅಂತ ನಮಗೆ ಅನಿಸುತ್ತದೆ. ಸೆಟ್ಟಿಗೆ ಕೇಳಿಸುವುದು ಇಡೀ ಚೈನಲ್ಲ, ಒಂದೊಂದೇ ಕೊಂಡಿ. ಕೊಂಡಿಗಳ ನಡುವೆ ವಿದ್ಯುತ್ ಸರಿಯಾಗಿ ಹರಿಯುವುದಿಲ್ಲ. ಸುಳಿ ಹುಟ್ಟುವುದು ಪ್ರತಿ ಕೊಂಡಿಯೊಳಗೆ, ಬೇರೆ ಬೇರೆಯಾಗಿ. ತೆಳುವಾದ ಚೈನು ಕಾಯಿಲಿನ ಕೆಳಗೇ ಇದ್ದರೂ ಸುಮ್ಮನಿರುತ್ತದೆ. ಕರಿಮಣಿಯಾದರೆ ನಾನು ಹುಡುಕುವುದು ತಾಳಿಯನ್ನು, ಇಲ್ಲವಾದರೆ ಕೊಕ್ಕೆಯನ್ನು. ಚಿನ್ನ ಮುಟ್ಟದ ಸೆಟ್ ಅಂತ ಬೈದು ಮಾರುವವರಲ್ಲಿ ಹೆಚ್ಚಿನವರು ಮನೆಯಲ್ಲಿ ಹೆಂಡತಿಯ ಚೈನನ್ನು ನೆಲದ ಮೇಲಿಟ್ಟು ಪರೀಕ್ಷೆ ಮಾಡಿದವರು.

ಪಡುಬಿದ್ರಿಯಲ್ಲಿ ಒಬ್ಬ ಅಕ್ಕನ ಕರಿಮಣಿ ಹೋಗಿತ್ತು. "ಇಲ್ಲೇ ಬಿದ್ದದ್ದು" ಅಂತ ಅವರು ತೋರಿಸಿದ ಜಾಗ ಒಂದು ಕಡೆ, ಅವರ ಯಜಮಾನರು ತೋರಿಸಿದ್ದು ಇನ್ನೊಂದು ಕಡೆ. ಇಂಥ ಹೊತ್ತಿನಲ್ಲಿ ನಾನು ಮೊದಲು ಕೇಳುವುದು ಮೊಬೈಲನ್ನು. ಆ ಸಂಜೆ ತೆಗೆದ ಫೋಟೋಗಳನ್ನು ಒಂದೊಂದಾಗಿ ನೋಡುತ್ತಾ ಹೋದೆವು. ಒಂದರಲ್ಲಿ ಕೊರಳಲ್ಲಿ ಸರ ಇದೆ, ಸ್ವಲ್ಪ ಹೊತ್ತಿನ ನಂತರದ ಇನ್ನೊಂದರಲ್ಲಿ ಇಲ್ಲ. ಎರಡರ ನಡುವೆ ಅವರು ಎಲ್ಲಿಂದ ಎಲ್ಲಿಗೆ ಹೋದರು ಅನ್ನುವುದು ಹಿಂದೆ ಕಾಣುವ ತೆಂಗಿನ ಮರಗಳಿಂದ ಗೊತ್ತಾಯಿತು. ಜಾಗ ಚಿಕ್ಕದಾಯಿತು. ನೀರು ಇಳಿಯುವ ಹೊತ್ತಿಗೆ ಕಾದೆ. ನಮ್ಮ ಕರಾವಳಿಯಲ್ಲಿ ಉಬ್ಬರ ಇಳಿತದ ಅಂತರ ಗುಜರಾತಿನ ಖಂಭಾತಿನ ಹಾಗೆ ದೊಡ್ಡದಲ್ಲ. ಆದರೂ ಕೆಲವು ಮೀಟರ್ ಮರಳು ಬಿಟ್ಟುಕೊಡುತ್ತದೆ.

ಹಿಮ್ಮಡಿಯಿಂದ ಮರಳಿನ ಮೇಲೆ ಗೆರೆ ಎಳೆದು, ಗೆರೆಗಳ ನಡುವೆ ನಿಧಾನವಾಗಿ ನಡೆದೆ. ಒಂದು ಬೀಸು ಹಿಂದಿನದರ ಅರ್ಧವನ್ನಾದರೂ ಮುಚ್ಚಬೇಕು. ಸೆನ್ಸಿಟಿವಿಟಿ ಕಡಿಮೆ ಮಾಡಿದೆ, ಡಿಸ್ಕ್ರಿಮಿನೇಷನ್ ಪೂರ್ತಿ ತೆಗೆದೆ. ಜನ ಇದನ್ನು ತಲೆಕೆಳಗಾಗಿ ಮಾಡುತ್ತಾರೆ. ಸೆನ್ಸಿಟಿವಿಟಿ ತುದಿಗೆ ಏರಿಸಿ, ಕಸ ಬೇಡ ಅಂತ ಡಿಸ್ಕ್ರಿಮಿನೇಷನ್ನೂ ಏರಿಸಿ, ಗದ್ದಲದಲ್ಲಿ ನಿಂತು ತಲೆ ಕೆಡಿಸಿಕೊಳ್ಳುತ್ತಾರೆ. ಮುಚ್ಚಳ ಬಂತು, ಹಾಳೆ ಬಂತು, ಬಲೆಯ ಸೀಸ ಬಂತು. ಆಮೇಲೆ ಕುಗ್ಗಿದ, ಆದರೆ ಎರಡೂ ದಿಕ್ಕಿನಿಂದ ಒಂದೇ ಥರ ಬರುವ ಒಂದು ಸದ್ದು. ತಾಳಿ. ಸರ ಅದಕ್ಕೆ ಸಿಕ್ಕಿಕೊಂಡೇ ಬಂತು. ಆ ದಿನ ನನ್ನ ಕೈಯಲ್ಲಿದ್ದದ್ದು ಒಬ್ಬರು "ಉಪಯೋಗ ಇಲ್ಲ" ಅಂತ ಕೊಟ್ಟ ಇಕ್ವಿನಾಕ್ಸ್.

ಬಲೆಯ ಸೀಸದ ಬಗ್ಗೆ ಒಂದು ಮಾತು. ಮಲ್ಪೆ ಕಡೆ ಕೈರಂಪಣಿ (ದಡದಿಂದ ಕೈಯಲ್ಲಿ ಎಳೆಯುವ ಬಲೆ) ಎಳೆಯುವ ಜಾಗಗಳಲ್ಲಿ ಬಲೆಯಿಂದ ಕಳಚಿದ ಸೀಸದ ಗುಂಡುಗಳು ತುಂಬಾ ಸಿಗುತ್ತವೆ. ಒಳ್ಳೆಯ ಸದ್ದು ಕೊಡುತ್ತವೆ, ಅಗೆದವರಿಗೆ ಕೋಪ ಬರಿಸುತ್ತವೆ. ನಾನು ಒಟ್ಟು ಮಾಡಿ ಬಲೆಯವರಿಗೇ ವಾಪಸ್ ಕೊಡುತ್ತೇನೆ. ಅದರಿಂದ ಆದ ಲಾಭ ಎಂದರೆ, ಯಾರಾದರೂ ಏನಾದರೂ ಕಳೆದುಕೊಂಡರೆ ನನ್ನ ನಂಬರ್ ಕೊಡುವುದು ಅವರೇ.

ಮನೆಯವರ ಒತ್ತಾಯಕ್ಕೆ ಮಾರುವವರೂ ಇದ್ದಾರೆ. ಇದರಲ್ಲಿ ತಪ್ಪು ಹೇಳಲಾಗದು. ಸೆಟ್ ಹಿಡಿದು ನಿಂತರೆ ಸಾಕು, "ನಿಧಿ ಉಂಟಾ?" ಅಂತ ಕೇಳುವವರು ಸುತ್ತ ಸೇರುತ್ತಾರೆ. ಆಳುಪರ ರಾಜಧಾನಿಯಾಗಿದ್ದ ಬಾರ್ಕೂರಿಗೆ ಬನ್ನಿ, ಪಾಲು ಕೊಡುತ್ತೇವೆ ಅಂತ ನನಗೆ ಕರೆ ಬಂದಿದೆ. ಹೋಗುವುದಿಲ್ಲ. ನಿಧಿಯ ಬಗ್ಗೆ ದೇಶದಲ್ಲಿ 1878ರಿಂದಲೇ ಕಾಯ್ದೆ ಇದೆ. ಆ ಕಾಯ್ದೆಯ ಪ್ರಕಾರ ಹತ್ತು ರೂಪಾಯಿಗಿಂತ ಹೆಚ್ಚು ಬೆಲೆಯ ನಿಧಿ ಸಿಕ್ಕಿದರೂ ಕಲೆಕ್ಟರಿಗೆ ಬರೆದು ತಿಳಿಸಬೇಕು. ಕರ್ನಾಟಕದ್ದೇ 1962ರ ಕಾಯ್ದೆಯೂ ಇದೆ. ರಕ್ಷಿತ ಸ್ಮಾರಕಗಳಿಗೆ 1958ರದ್ದು, ನೂರು ವರ್ಷ ದಾಟಿದ ಹಳೆಯ ವಸ್ತುಗಳಿಗೆ 1972ರದ್ದು ಬೇರೆ. ಹಾಗಾಗಿ ನಾನು ಬಳಕೆಯ ಬೀಚು, ಕೇಳಿ ಒಪ್ಪಿಗೆ ಪಡೆದ ತೋಟ, ಇವೆರಡು ಬಿಟ್ಟು ಬೇರೆಲ್ಲೂ ಕಾಯಿಲ್ ಬೀಸುವುದಿಲ್ಲ. ಮರದ ಮಿಲ್ಲಿನವರು ಕರೆದರೆ ಹೋಗುತ್ತೇನೆ. ಹಳೆಯ ಹಲಸಿನ ದಿಮ್ಮಿಯೊಳಗೆ ಮೊಳೆ ಉಂಟಾ ಅಂತ ನೋಡಿಕೊಟ್ಟರೆ ಗರಗಸದ ಬ್ಲೇಡ್ ಉಳಿಯುತ್ತದೆ. ಅದಕ್ಕೆ ದೊಡ್ಡ ಸೆಟ್ ಬೇಡ, ಕೈಯಲ್ಲಿ ಹಿಡಿಯುವ ಸಣ್ಣ ಡಿಟೆಕ್ಟರ್, ಪಿನ್‌ಪಾಯಿಂಟರ್ ಸಾಕು.

ಸೆಕೆಂಡ್ ಹ್ಯಾಂಡ್ ಕೊಳ್ಳುವಾಗ ನಾನು ಮಾರುವವರ ಮನೆಗೇ ಹೋಗುತ್ತೇನೆ. ಜೇಬಿನಲ್ಲಿ ಒಂದು ಚಿನ್ನದ ಉಂಗುರ, ಹಳೆಯ ಐದು ರೂಪಾಯಿ, ಒಂದು ಮೊಳೆ, ಒಂದು ತುಂಡು ಅಲ್ಯೂಮಿನಿಯಂ ಹಾಳೆ. ಮೊದಲು ಮೊಬೈಲ್ ದೂರ ಇಡಬೇಕು, ಟ್ಯೂಬ್‌ಲೈಟ್ ಆರಿಸಬೇಕು, ಕರೆಂಟಿನ ತಂತಿಯ ಕೆಳಗೆ ನಿಲ್ಲಬಾರದು. ಇಲ್ಲದಿದ್ದರೆ ಒಳ್ಳೆಯ ಸೆಟ್ಟೂ ಹುಚ್ಚನ ಹಾಗೆ ಬಡಬಡಿಸುತ್ತದೆ. ಫ್ಯಾಕ್ಟರಿ ಸೆಟ್ಟಿಂಗಿಗೆ ತಂದು, ಕಾಯಿಲನ್ನು ಗಾಳಿಯಲ್ಲಿ ಹಿಡಿದು ಒಂದೊಂದೇ ವಸ್ತು ದಾಟಿಸುತ್ತೇನೆ. ಆಮೇಲೆ ಕಾಯಿಲಿನ ಕೇಬಲ್ ಬುಡವನ್ನು ಮೆಲ್ಲಗೆ ಅಲ್ಲಾಡಿಸುತ್ತೇನೆ. ಅಲ್ಲಾಡಿಸಿದಾಗ ಸದ್ದು ಬಂದರೆ ಒಳಗೆ ತಂತಿ ಹೋಗಿದೆ ಅಂತ ಲೆಕ್ಕ. ಹೊಸ ಕಾಯಿಲಿನ ಬೆಲೆ ಕೇಳಿದ ಮೇಲೆ ಯಾರೂ ಅಂಥ ಸೆಟ್ ಕೊಳ್ಳುವುದಿಲ್ಲ.

ಬ್ಯಾಟರಿ ಜಾಗದಲ್ಲಿ ಹಸಿರು ಕಲೆ ಇದೆಯಾ ನೋಡಬೇಕು. ಇದ್ದರೆ ಉಪ್ಪುನೀರು ಒಳಗೆ ಹೋಗಿದೆ, ಇಲ್ಲವೇ ಸೆಲ್ ಸೋರಿದೆ. ಏಸ್ 250ರಲ್ಲಿ ಕಾಯಿಲ್ ಮಾತ್ರ ನೀರಿಗೆ ಇಳಿಯಬಹುದು, ಮೇಲಿನ ಪೆಟ್ಟಿಗೆ ಇಳಿಯಬಾರದು. ಇಕ್ವಿನಾಕ್ಸ್ 800 ಮತ್ತು ಸಿಂಪ್ಲೆಕ್ಸ್ ಪ್ಲಸ್ ಮೂರು ಮೀಟರ್ ನೀರಿಗೆ ಅಂತ ಮಾಡಿದ್ದು. ಆದರೆ ಹಳೆಯ ಸೆಟ್ಟಿನ ರಬ್ಬರನ್ನು ನಾನು ಅಷ್ಟು ನಂಬುವುದಿಲ್ಲ. ಸೀರಿಯಲ್ ನಂಬರನ್ನು ಕಂಪನಿಯ ಹತ್ತಿರ ವಿಚಾರಿಸುತ್ತೇನೆ. ಹೆಸರುವಾಸಿ ಮಾಡೆಲ್‌ಗಳ ನಕಲು ಇದೆ, ಹೊರಗಿನಿಂದ ಗುರುತೇ ಸಿಗುವುದಿಲ್ಲ. ಕೊನೆಗೆ, ಸಾಧ್ಯವಾದರೆ ಇಬ್ಬರೂ ತಣ್ಣೀರುಬಾವಿಗೋ ಸುರತ್ಕಲ್‌ಗೋ ಹೋಗಿ ಒದ್ದೆ ಮರಳಿನ ಮೇಲೆ ನೋಡುತ್ತೇವೆ. ಮಾರುವವರು ಇದಕ್ಕೆ ಒಪ್ಪದಿದ್ದರೆ ನಾನು ಚಹಾ ಕುಡಿದು ಎದ್ದು ಬರುತ್ತೇನೆ.

ಒಂದನ್ನು ಮಾತ್ರ ಅರ್ಧ ಬೆಲೆಗಲ್ಲ, ಪುಕ್ಕಟೆ ಕೊಟ್ಟರೂ ಬೇಡ. ಎರಡು ಕಡ್ಡಿ, ಒಂದು ಹಿಡಿಕೆ, ನೂರಾರು ಮೀಟರ್ ದೂರದ ಚಿನ್ನ ತೋರಿಸುತ್ತದೆ ಅನ್ನುವ ಸಾಮಾನು. ಅದರೊಳಗೆ ಕೆಲಸ ಮಾಡುವಂಥದ್ದು ಏನೂ ಇರುವುದಿಲ್ಲ. ಇದೇ ಥರದ ಎಡಿಇ 651 ಅನ್ನುವ ನಕಲಿ ಬಾಂಬ್ ಪತ್ತೆ ಸಾಧನವನ್ನು ಇರಾಕಿಗೆ ಮಾರಿದ ಬ್ರಿಟನ್ನಿನ ಜೇಮ್ಸ್ ಮೆಕ್‌ಕಾರ್ಮಿಕ್‌ಗೆ 2013ರಲ್ಲಿ ಬ್ರಿಟನ್ನಿನದೇ ಕೋರ್ಟು ಹತ್ತು ವರ್ಷ ಜೈಲು ವಿಧಿಸಿತು. ನಮ್ಮಲ್ಲಿ ಇಂಥದ್ದನ್ನು ಕೊಂಡವರು ಇನ್ನೊಬ್ಬರಿಗೆ ದಾಟಿಸಲು ನೋಡುತ್ತಿರುತ್ತಾರೆ. ಹುಷಾರು.

ಕೊಳ್ಳುವ ಮನಸ್ಸಿದ್ದರೆ ಜೂನ್, ಜುಲೈಯಲ್ಲಿ ಕೇಳಿ ನೋಡಿ. ಕಡಲು ಉಕ್ಕುತ್ತಿರುತ್ತದೆ, ಬೀಚಿಗೆ ಯಾರೂ ಇಳಿಯುವುದಿಲ್ಲ, ಸೆಟ್ ಮೂಲೆಯಲ್ಲಿ ಬೂಸ್ಟು ಹಿಡಿಯುತ್ತಿರುತ್ತದೆ. ಮನೆಯವರೂ "ಅದನ್ನೊಮ್ಮೆ ಕೊಟ್ಟುಬಿಡಿ" ಅನ್ನುತ್ತಿರುತ್ತಾರೆ. ಬೆಲೆ ಇಳಿಯುವುದು ಆಗಲೇ. ಮಳೆ ಪೂರ್ತಿ ನಿಲ್ಲುವ ತನಕ ಅದನ್ನು ಹಿತ್ತಲಲ್ಲಿ ಹಿಡಿದು, ಹೆಂಚಿನ ಸದ್ದು ಯಾವುದು, ಉಂಗುರದ ಸದ್ದು ಯಾವುದು ಅಂತ ಕಿವಿಗೆ ಅಭ್ಯಾಸ ಮಾಡಿಸಿ. ಸೆಪ್ಟೆಂಬರ್ ಕೊನೆಗೆ ಅಲೆಗಳು ಮೇಲಿನ ಮರಳು ಕೊಚ್ಚಿಕೊಂಡು ಹೋಗಿ, ಕೆಳಗಿನ ಗಟ್ಟಿ ಪದರ ಕಾಣುವ ಜಾಗಗಳಿರುತ್ತವೆ. ವರ್ಷಗಳ ಹಿಂದೆ ಬಿದ್ದದ್ದು ಕೂಡ ಆಗ ಕಾಯಿಲಿಗೆ ಎಟುಕುತ್ತದೆ. ಹೊಸ ಮರಳು ಬಂದು ತುಂಬುವುದರೊಳಗೆ ಹೋಗಬೇಕು.