ಬಾಲಗಂಧರ್ವರನ್ನು ಕೇಳುವ ಕ್ರಮ

ಮರಾಠಿ ಸಂಗೀತ ನಾಟಕದಲ್ಲಿ ಸ್ತ್ರೀಪಾತ್ರಗಳಿಂದಲೇ ಮನೆಮಾತಾದ ನಾರಾಯಣ ಶ್ರೀಪಾದ ರಾಜಹಂಸ, ಅಂದರೆ ಬಾಲಗಂಧರ್ವರು (1888–1967), ಇಂದಿನ ಕೇಳುಗರಿಗೆ ಹಳೆಯ ಧ್ವನಿಮುದ್ರಿಕೆಗಳಲ್ಲಿಯೂ ಕೆಲವು ಛಾಯಾಚಿತ್ರಗಳಲ್ಲಿಯೂ ಮಾತ್ರ ಸಿಗುತ್ತಾರೆ. ಅವರ ಹೆಸರನ್ನು ಕೇಳಿ ಬಲ್ಲ, ಆದರೆ ಅವರನ್ನು ಹೇಗೆ ಸವಿಯಬೇಕೆಂದು ತಿಳಿಯದ ಕನ್ನಡ ಓದುಗರಿಗಾಗಿ, ನಾನು ಹಲವು ವರ್ಷ ತಪ್ಪುತ್ತ ಕಲಿತ ಒಂದು ಕ್ರಮವನ್ನು ಇಲ್ಲಿ ಬರೆಯುತ್ತಿದ್ದೇನೆ. ಮರಾಠಿ ಚೆನ್ನಾಗಿ ಬರಬೇಕೆಂದಿಲ್ಲ. ಎರಡು ಸಂಜೆಗಳ ಬಿಡುವು ಮತ್ತು ಹಾಡಿಗೆ ಕಿವಿಗೊಡುವ ತಾಳ್ಮೆ ಇದ್ದರೆ ಸಾಕು.

ಮೊದಲು ಮಾಡಬೇಕಾದ ಕೆಲಸವೆಂದರೆ ಅವರ ಚಿತ್ರಗಳನ್ನು ಬದಿಗಿಡುವುದು. ಕಚ್ಚೆ ಸೀರೆ, ನತ್ತು, ಮುಡಿಯ ತುಂಬ ಹೂವು ಇರುವ ಆ ಚಿತ್ರಗಳನ್ನು ಮೊದಲೇ ನೋಡಿದವರು ‘ಗಂಡಸು ಹೆಣ್ಣಾಗಿ ಎಷ್ಟು ಚೆನ್ನಾಗಿ ಕಾಣುತ್ತಾನೆ’ ಎಂಬ ಬೆರಗಿನಲ್ಲೇ ನಿಂತುಬಿಡುತ್ತಾರೆ; ನಾನೂ ಬಹಳ ಕಾಲ ಅಲ್ಲಿಯೇ ನಿಂತಿದ್ದೆ. ಅವರ ಹೆಣ್ಣುತನ ಹುಟ್ಟುತ್ತಿದ್ದದ್ದು ಕಂಠದಲ್ಲಿ. ಆದ್ದರಿಂದ ‘ಸ್ವಯಂವರ’ ನಾಟಕದಲ್ಲಿ ರುಕ್ಮಿಣಿಯಾಗಿ ಅವರು ಹಾಡಿದ ‘ನಾಥ ಹಾ ಮಾಝಾ’ ಎಂಬ ಯಮನ್ ರಾಗದ ಪದವನ್ನು ಹುಡುಕಿ, ಕಣ್ಣು ಮುಚ್ಚಿ ಕೇಳಲು ಕುಳಿತುಕೊಳ್ಳಿ.

ಅದನ್ನು ಒಮ್ಮೆ ಕೇಳಿ ಮುಂದೆ ಹೋಗಬೇಡಿ, ಮೂರು ಸಲ ಕೇಳಿ. ಮೊದಲ ಸಲ ಧ್ವನಿಯನ್ನಷ್ಟೇ ಗಮನಿಸಿದರೆ, ಹೆಣ್ಣಿನ ದನಿಯನ್ನು ಅನುಕರಿಸಲು ಅವರು ಗಂಟಲನ್ನು ಕೃತಕವಾಗಿ ಕಿರಿದು ಮಾಡಿಲ್ಲವೆಂಬುದು ತಿಳಿಯುತ್ತದೆ. ಅದು ಅವರ ಸಹಜವಾದ, ಎತ್ತರದ, ಜೇನಿನಂಥ ಕಂಠ. ಎರಡನೆಯ ಸಲ ‘ನಾಥ ಹಾ ಮಾಝಾ’ ಎಂಬ ಮೂರೇ ಮಾತುಗಳ ಮೇಲೆ ಮನಸ್ಸಿಡಿ. ‘ಈ ನನ್ನ ನಾಥ’ ಎಂದು ಅರ್ಥ. ಪಲ್ಲವಿಗೆ ಮರಳಿದಾಗಲೆಲ್ಲ ಅವರು ಆ ಮಾತುಗಳಲ್ಲಿ ಒಂದಿಷ್ಟು ಬದಲಾವಣೆ ಮಾಡುತ್ತಾರೆ: ಒಂದು ಕಡೆ ಸಣ್ಣ ಮೀಂಡ್ (ಸ್ವರದಿಂದ ಸ್ವರಕ್ಕೆ ಜಾರುವುದು), ಇನ್ನೊಂದು ಕಡೆ ಚಿಕ್ಕದೊಂದು ತಾನ್ (ವೇಗದ ಸ್ವರಗಳ ಸಾಲು). ಆದರೆ ಯಾವ ಅಕ್ಷರವೂ ಸ್ವರದಡಿ ಮುಚ್ಚಿಹೋಗುವುದಿಲ್ಲ. ಮೂರನೆಯ ಸಲ ಲಯವನ್ನು ಹಿಡಿಯಿರಿ, ಕೈಯಲ್ಲಿ ತಾಳ ಹಾಕುತ್ತ ಕೇಳಿದರೆ ಇನ್ನೂ ಒಳ್ಳೆಯದು. ಮಾತು ತಾಳಕ್ಕೆ ಒರಗಿ, ಜಾರಿ, ಮತ್ತೆ ಸಮಕ್ಕೆ, ಅಂದರೆ ತಾಳದ ಮೊದಲ ಪೆಟ್ಟಿಗೆ, ಬಂದು ಕೂರುವ ರೀತಿಯಲ್ಲಿ ರುಕ್ಮಿಣಿಯ ನಾಚಿಕೆಯೂ ಹೆಮ್ಮೆಯೂ ಒಟ್ಟಿಗೆ ಕೇಳಿಸುತ್ತವೆ. ಅಹ್ಮದ್‌ಜಾನ್ ಥಿರಕ್ವಾ ಅವರಂಥ ತಬಲಾ ವಾದಕರು ಗಂಧರ್ವರ ಕಂಪನಿಯಲ್ಲಿ ವರ್ಷಗಟ್ಟಲೆ ನುಡಿಸಿದ್ದರೆಂಬುದನ್ನು ಇಲ್ಲಿ ನೆನೆಯಬೇಕು.

ನಮ್ಮ ಯಕ್ಷಗಾನ ಬಲ್ಲವರಿಗೆ ಇಲ್ಲೊಂದು ಹೋಲಿಕೆ ನೆರವಾಗುತ್ತದೆ. ಯಕ್ಷಗಾನದ ಸ್ತ್ರೀವೇಷಧಾರಿ ಕುಣಿಯುತ್ತಾರೆ, ಅರ್ಥ ಹೇಳುತ್ತಾರೆ. ಪದ ಹಾಡುವವರು ಭಾಗವತರು. ಸಂಗೀತ ನಾಟಕದಲ್ಲಿ ಪಾತ್ರಧಾರಿಯೇ ಹಾಡಬೇಕು. ಹಾಗಾಗಿ ಭಾವ, ಮಾತು, ರಾಗ ಈ ಮೂರೂ ಒಂದೇ ಗಂಟಲಿನಿಂದ ಬರಬೇಕಾಗುತ್ತದೆ, ಬಾಲಗಂಧರ್ವರ ಕಷ್ಟವೂ ಸಾಧನೆಯೂ ಅಲ್ಲಿಯೇ ಇದ್ದವು.

ಹಾಡು ಕಿವಿಗೆ ಒಗ್ಗಿದ ಮೇಲೆ ಅದನ್ನು ನಾಟಕದೊಳಗೆ ಮರಳಿ ಕೂರಿಸಬೇಕು. ಕೃ. ಪ್ರ. ಖಾಡಿಲಕರ ‘ಸ್ವಯಂವರ’ 1916ರಲ್ಲಿ ರಂಗಕ್ಕೆ ಬಂದಿತು. ಅದರ ಸಂಗೀತ ಭಾಸ್ಕರಬುವಾ ಬಖಲೆಯವರದು. ಅದೇ ನಾಟಕದ, ಬಿಹಾಗದಲ್ಲಿರುವ ‘ಮಮ ಆತ್ಮಾ ಗಮಲಾ’ ಮತ್ತು ಭೀಮಪಲಾಸದಲ್ಲಿರುವ ‘ಸ್ವಕುಲ ತಾರಕ ಸುತಾ’ ಕೇಳಿದರೆ ರುಕ್ಮಿಣಿಯ ಚಿತ್ರ ತುಂಬಿ ಬರುತ್ತದೆ. ಆಮೇಲೆ 1919ರಲ್ಲಿ ಬಂದ, ರಾಮ ಗಣೇಶ ಗಡಕರಿಯವರ ‘ಏಕಚ ಪ್ಯಾಲಾ’ ನಾಟಕಕ್ಕೆ ಹೋಗಿ. ಅಲ್ಲಿ ಬಾಲಗಂಧರ್ವರು ಕುಡುಕ ಗಂಡನ ಹೆಂಡತಿ ಸಿಂಧು; ಬೀಸುವ ಕಲ್ಲು ತಿರುವಿ ಹೊಟ್ಟೆ ಹೊರೆಯುವ ಹೆಂಗಸು. ‘ಕಶಿ ಯಾ ತ್ಯಜೂ ಪದಾಲಾ’, ಅಂದರೆ ‘ಈ ಪಾದವನ್ನು ಹೇಗೆ ತೊರೆಯಲಿ’ ಎಂಬ ಅವಳ ಪದವನ್ನು ರುಕ್ಮಿಣಿಯ ಪದದ ಬೆನ್ನಿಗೇ ಕೇಳಿ. ಕಂಠ ಅದೇ, ಆದರೆ ರಾಜಕುಮಾರಿ ಹೋಗಿ ಬಡ ಗೃಹಿಣಿ ಎದುರು ನಿಂತಿರುತ್ತಾಳೆ. ನನ್ನ ಮಟ್ಟಿಗೆ ಅವರ ಕಲೆಗೆ ಇದಕ್ಕಿಂತ ದೊಡ್ಡ ಸಾಕ್ಷಿ ಬೇಕಿಲ್ಲ.

ಚಿತ್ರಗಳನ್ನು ಹೊರತೆಗೆಯುವ ಹೊತ್ತು ಈಗ ಬಂತು. ಮುಖವನ್ನು ಬಿಟ್ಟು ಕೈಗಳನ್ನು ನೋಡಿ, ಸೆರಗು ಹೆಗಲ ಮೇಲೆ ಕೂತ ಬಗೆಯನ್ನು ನೋಡಿ. ಅಂದಿನ ಮಹಾರಾಷ್ಟ್ರದ ಮೇಲುವರ್ಗದ ಹೆಂಗಸರು ಅವರ ಸೀರೆ ಉಡುವ ರೀತಿಯನ್ನು, ತುರುಬು ಕಟ್ಟಿ ಹೂ ಮುಡಿಯುವ ರೀತಿಯನ್ನು ಅನುಸರಿಸಿದರು. ರಂಗದ ಮೇಲೆ ಬೆಲೆಬಾಳುವ ಜರಿ ಸೀರೆ, ರತ್ನಗಂಬಳಿ, ಅತ್ತರು ಇವೆಲ್ಲ ನಿಜವಾದವೇ ಇರಬೇಕೆಂಬ ಅವರ ಹಟ ಕಂಪನಿಯನ್ನು ಸಾಲದಲ್ಲಿ ಮುಳುಗಿಸಿತು. ಇಲ್ಲಿ ಒಂದು ಮಾತನ್ನು ಮರೆಮಾಚಬಾರದು: ಮರ್ಯಾದಸ್ಥ ಮನೆತನದ ಹೆಣ್ಣುಮಕ್ಕಳು ರಂಗ ಹತ್ತಲಾರದ ಕಾಲದಲ್ಲಿ, ‘ಆದರ್ಶ ಗೃಹಿಣಿ’ ಹೇಗಿರಬೇಕೆಂಬುದನ್ನು ಒಬ್ಬ ಗಂಡಸು ಹೆಂಗಸರಿಗೆ ತೋರಿಸಿಕೊಟ್ಟರು. ಅವರ ಕಲೆಯನ್ನು ಮನಸಾರೆ ಮೆಚ್ಚುವವರು ಆ ಗೈರುಹಾಜರಿಯನ್ನೂ ಗಮನದಲ್ಲಿಟ್ಟುಕೊಳ್ಳಬೇಕು. ಇಂದಿನ ಡ್ರ್ಯಾಗ್ ಕಲಾವಿದರು ಗಂಡು–ಹೆಣ್ಣಿನ ಗೆರೆಯನ್ನು ಬೇಕೆಂದೇ ಎತ್ತಿ ತೋರಿಸಿ ಪ್ರಶ್ನಿಸುತ್ತಾರೆ. ಬಾಲಗಂಧರ್ವರು ಆ ಗೆರೆ ಪ್ರೇಕ್ಷಕರಿಗೆ ಮರೆತೇಹೋಗುವಂತೆ ನಟಿಸಿದರು. ಎರಡನ್ನೂ ಒಂದೇ ಹೆಸರಿನಿಂದ ಕರೆಯುವ ಮೊದಲು ಈ ವ್ಯತ್ಯಾಸವನ್ನು ನೆನೆಯುವುದು ಒಳ್ಳೆಯದು.

ವೃತ್ತಿಜೀವನವನ್ನು ತಿಳಿಯಲು ಕೆಲವೇ ವರ್ಷಗಳನ್ನು ನೆನಪಿಟ್ಟರೆ ಸಾಕು. ಬಾಲಕ ನಾರಾಯಣನ ಹಾಡು ಕೇಳಿ ಅವನನ್ನು ‘ಬಾಲಗಂಧರ್ವ’ ಎಂದು ಕರೆದವರು ಲೋಕಮಾನ್ಯ ತಿಲಕರು. 1905ರಲ್ಲಿ ಬಾಲಗಂಧರ್ವರು ಕಿರ್ಲೋಸ್ಕರ ನಾಟಕ ಮಂಡಳಿ ಸೇರಿದರು. 1911ರ ಮಾರ್ಚ್ 12ರಂದು ‘ಮಾನಾಪಮಾನ’ ನಾಟಕದ ಮೊದಲ ಪ್ರಯೋಗ, ಅದೇ ದಿನ ಅವರ ಪುಟ್ಟ ಮಗಳು ತೀರಿಕೊಂಡಿದ್ದಳು, ಆದರೂ ಅವರು ನಾಯಕಿ ಭಾಮಿನಿಯಾಗಿ ರಂಗಕ್ಕೆ ಬಂದರು. 1913ರಲ್ಲಿ ಗಂಧರ್ವ ನಾಟಕ ಮಂಡಳಿ ಹುಟ್ಟಿತು. 1921ರಲ್ಲಿ ತಿಲಕ ಸ್ವರಾಜ್ಯ ನಿಧಿಗಾಗಿ ಇನ್ನೊಬ್ಬ ಹೆಸರಾಂತ ಗಾಯಕನಟ ಕೇಶವರಾವ ಭೋಸಲೆಯವರೊಡನೆ ‘ಮಾನಾಪಮಾನ’ವನ್ನು ಸಂಯುಕ್ತವಾಗಿ ಆಡಿದರು. 1935ರ ‘ಧರ್ಮಾತ್ಮಾ’ ಚಲನಚಿತ್ರದಲ್ಲಿ ಸಂತ ಏಕನಾಥರ ಪಾತ್ರ ಮಾಡಿದರು. ಸಂಗೀತ ನಾಟಕ ಅಕಾಡೆಮಿ ಪ್ರಶಸ್ತಿ 1955ರಲ್ಲಿ, ಪದ್ಮಭೂಷಣ 1964ರಲ್ಲಿ ಬಂದವು.

ಈ ಕಥೆಯ ಬೇರುಗಳಲ್ಲಿ ಕೆಲವು ನಮ್ಮ ನೆಲದಲ್ಲೇ ಇವೆ. ಉತ್ತರ ಕನ್ನಡದ ಭಾಗವತರ ಮೇಳ ಸಾಂಗ್ಲಿಯಲ್ಲಿ ಆಡಿದ ಆಟವೇ 1843ರ ವಿಷ್ಣುದಾಸ ಭಾವೆಯವರ ಮರಾಠಿ ನಾಟಕಕ್ಕೆ ಪ್ರೇರಣೆಯಾಯಿತು. ಸಂಗೀತ ನಾಟಕವನ್ನು ಕಟ್ಟಿದ ಅಣ್ಣಾಸಾಹೇಬ ಕಿರ್ಲೋಸ್ಕರ ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನವರು. 1930ರ ದಶಕದ ಕೊನೆಗೆ ಕಂಪನಿಗೆ ಬಂದು ನಾಯಕಿಯಾದ, ಮುಂದೆ ಬಾಲಗಂಧರ್ವರನ್ನು ಮದುವೆಯಾದ ಗೋಹರಬಾಯಿ ಕರ್ನಾಟಕಿ, ಬೀಳಗಿಯವರು. ಚಲನಚಿತ್ರ ಗಾಯಕಿ ಅಮೀರಬಾಯಿ ಕರ್ನಾಟಕಿಯವರ ಅಕ್ಕ. ಬಾಲಗಂಧರ್ವರ ಪದಗಳನ್ನು ಹಾಡಿಯೇ ಗೋಹರಬಾಯಿ ಹೆಸರಾದರು. ಗಂಧರ್ವರ ಅಭಿಮಾನಿಗಳಲ್ಲಿ ಹಲವರು ಗೋಹರಬಾಯಿಯವರನ್ನು ಕಡೆಗಣಿಸಿದ್ದು ನನಗೆ ಇಂದಿಗೂ ನೋವಿನ ಸಂಗತಿ; ಅವರ ಧ್ವನಿಮುದ್ರಿಕೆ ಸಿಕ್ಕರೆ ತಪ್ಪದೆ ಕೇಳಿ.

ಕೊನೆಗೆ, ಬೆಳಗಾವಿಯ ಸುಳೇಭಾವಿಯಲ್ಲಿ ಹುಟ್ಟಿದ ಕುಮಾರ ಗಂಧರ್ವರು ಬಾಲಗಂಧರ್ವರ ಪದಗಳನ್ನೇ ಆಯ್ದು ಹಾಡಿದ ಧ್ವನಿಮುದ್ರಣವನ್ನು ಕೇಳಿ. ಅಲ್ಲಿ ವೇಷವಿಲ್ಲ, ಪಾತ್ರವಿಲ್ಲ. ಪದ ಉಳಿದಿದೆ, ಹಾಡುವವರ ಮನಸ್ಸು ಬೇರೆಯಾಗಿದೆ. ಅದು ಮುಗಿದ ಕೂಡಲೇ ‘ನಾಥ ಹಾ ಮಾಝಾ’ ಹಳೆಯ ತಟ್ಟೆಗೆ ಮರಳಿ, ಸೂಜಿಯ ಕರಕರ ಸದ್ದಿನೊಳಗೆ ಪಲ್ಲವಿ ಎರಡನೆಯ ಸಲ ಬರುವವರೆಗೆ ಕಾಯಿರಿ. ‘ಮಾಝಾ’ ಎಂಬ ಮಾತನ್ನು ಅವರು ಅಲ್ಲಿ ಹೇಗೆ ಬಿಡುತ್ತಾರೆಂಬುದನ್ನು ಕೇಳಿ.