16 ರೂಪಾಯಿ ಲೆಕ್ಕ, ಮೂರು ತಿಂಗಳ ಕೆಲಸ

2023ರ ಸೆಪ್ಟೆಂಬರ್ 12ರ ರಾತ್ರಿ ಕ್ಯಾಲ್ಕುಲೇಟರ್ ಹಿಡಿದು ಕೂತಿದ್ದೆ. ಗೇಮ್ ಕಟ್ಟುವ ಸಾಫ್ಟ್‌ವೇರ್ (ಗೇಮ್ ಎಂಜಿನ್) ಕೊಡುವ ಯೂನಿಟಿ ಕಂಪನಿ ‘ರನ್‌ಟೈಮ್ ಫೀ’ ಅಂತ ಹೊಸ ಶುಲ್ಕ ಘೋಷಿಸಿತ್ತು. ಗೇಮ್ ಇನ್‌ಸ್ಟಾಲ್ ಆದ ಲೆಕ್ಕಕ್ಕೆ ದುಡ್ಡು. ಪರ್ಸನಲ್ ಅನ್ನೋ ಬಿಟ್ಟಿ ಪ್ಲಾನ್‌ನವರಿಗೆ ಅಮೆರಿಕದಂಥ ದೇಶಗಳಲ್ಲಿ ಒಂದಕ್ಕೆ 20 ಸೆಂಟ್, ಅಂದರೆ ಆಗಿನ ಲೆಕ್ಕದಲ್ಲಿ ಸುಮಾರು 16 ರೂಪಾಯಿ. ನಮ್ಮಂಥ ದೇಶಗಳಲ್ಲಿ 2 ಸೆಂಟ್.

ಯೂನಿಟಿಯಲ್ಲಿ ಕಟ್ಟಿದ ನನ್ನದು ಪುಟ್ಟ ಕನ್ನಡ ಪದದಾಟ. ಮೇಲಿಂದ ಅಕ್ಷರಗಳು ಬೀಳುತ್ತವೆ, ಹಿಡಿದು ಪದ ಕಟ್ಟಬೇಕು. ನಾನು ಕೊಡಬೇಕಾದದ್ದು ಎಷ್ಟು ಅಂತ ನೋಡಿದರೆ ಸೊನ್ನೆ. ಹನ್ನೆರಡು ತಿಂಗಳಲ್ಲಿ 2 ಲಕ್ಷ ಡಾಲರ್ ಆದಾಯ, ಜೊತೆಗೆ ಒಟ್ಟು 2 ಲಕ್ಷ ಇನ್‌ಸ್ಟಾಲ್, ಎರಡೂ ದಾಟಿದರೆ ಮಾತ್ರ ಶುಲ್ಕ. ನನ್ನ ಆಟದ ಜಾಹೀರಾತಿನ ದುಡ್ಡು ಮನೆಯ ಇಂಟರ್ನೆಟ್ ಬಿಲ್ಲಿಗೆ ಸರಿಹೋಗುತ್ತಿತ್ತು. ಸುಮ್ನೆ ಮಲಗಬಹುದಿತ್ತು, ಅಲ್ವಾ?

ಆದರೆ ಯೋಚನೆ ಬಿಡಲಿಲ್ಲ. ಗಳಿಕೆಯಲ್ಲಿ ಪಾಲು ಕೇಳಿದರೆ ನನಗೆ ಅರ್ಥವಾಗುತ್ತದೆ. ಅನ್‌ರಿಯಲ್ ಅನ್ನೋ ಇನ್ನೊಂದು ಎಂಜಿನ್‌ನವರೂ ಒಂದು ಆಟ 10 ಲಕ್ಷ ಡಾಲರ್ ದುಡಿದ ಮೇಲೆ 5% ಕೇಳುತ್ತಿದ್ದರು. ಬಂದರೆ ತಾನೆ ಕೊಡುವುದು. ಇನ್‌ಸ್ಟಾಲ್ ಹಾಗಲ್ಲ. ನನ್ನ ಸೋದರತ್ತೆಯೇ ಆಟ ಇಳಿಸಿಕೊಂಡು, ಒಂದು ಸುತ್ತು ಆಡಿ, ಅಳಿಸಿಬಿಟ್ಟರು. ಅದೂ ಒಂದು ಇನ್‌ಸ್ಟಾಲೇ. ಮೇಲಾಗಿ ಆಗಲೇ ಬಿಡುಗಡೆಯಾದ ಆಟಗಳಿಗೂ 2024ರ ಜನವರಿ 1ರಿಂದ ಇದು ಲಾಗೂ ಅಂದಿದ್ದರು.

ಸೆಪ್ಟೆಂಬರ್ 22ಕ್ಕೆ ಕಂಪನಿ ಹಿಂದೆ ಸರಿದು ಪರ್ಸನಲ್ ಪ್ಲಾನ್‌ನವರನ್ನು ಪೂರ್ತಿ ಬಿಟ್ಟಿತು. ಅಷ್ಟರಲ್ಲಿ ನಾನು ಗೊಡೊ ಇಳಿಸಿಕೊಂಡಾಗಿತ್ತು. ಅದು ಎಂಐಟಿ ಲೈಸೆನ್ಸಿನ, ಅಂದರೆ ಯಾರು ಬೇಕಾದರೂ ಬಿಟ್ಟಿಯಾಗಿ ಬಳಸಬಹುದಾದ ಗೇಮ್ ಎಂಜಿನ್, ಪಾಲು ಕೇಳುವವರೇ ಇಲ್ಲ.

ಕೋಡ್ ಮೊದಲಿಂದ ಬರೆಯಬೇಕಾಯಿತು. ಆಗ ಗೊಡೊ 4ರಲ್ಲಿ, ಯೂನಿಟಿಯಲ್ಲಿ ಬಳಸುವ ಸಿ ಶಾರ್ಪ್ ಭಾಷೆಯಲ್ಲಿ ಬರೆದು ಮೊಬೈಲಿಗೆ ಹಾಕಲು ಆಗುತ್ತಿರಲಿಲ್ಲ, ಹಾಗಾಗಿ ಗೊಡೊದ್ದೇ ಭಾಷೆಯಾದ ಜಿಡಿಸ್ಕ್ರಿಪ್ಟ್ ಕಲಿತೆ. ಮೊದಲ ದಿನ ಆಟ ಓಡಿಸಿದರೆ ಅಕ್ಷರಗಳು ಬೀಳುವ ಬದಲು ಮೇಲಕ್ಕೆ ಹಾರಿದವು! ಯೂನಿಟಿಯಲ್ಲಿ ವೈ ಅಕ್ಷ ಮೇಲ್ಮುಖ, ಗೊಡೊ 2ಡಿಯಲ್ಲಿ ಕೆಳಮುಖ. ಮಗಳಿಗೆ ಆ ಆಟವೇ ಜಾಸ್ತಿ ಇಷ್ಟವಾಯಿತು.

ಲಾಭ ಸಿಕ್ಕಿದ್ದು ನಾನು ಎಣಿಸದ ಕಡೆ. ಹಳೆಯ ಆಟದಲ್ಲಿ ಒತ್ತಕ್ಷರ ಕೆಡಬಾರದು ಅಂತ ಪ್ರತಿ ಅಕ್ಷರವನ್ನೂ ಚಿತ್ರ ಮಾಡಿಟ್ಟಿದ್ದೆ. ಕ್ಷ, ಜ್ಞ, ಸ್ತ್ರೀ ಅಂತ ನೂರಾರು ಫೈಲು. ಗೊಡೊ 4ರೊಳಗೆ ಅಕ್ಷರಗಳನ್ನು ಸರಿಯಾಗಿ ಜೋಡಿಸುವ ಹಾರ್ಫ್‌ಬಜ್ ಅನ್ನೋ ಸಾಫ್ಟ್‌ವೇರ್ ಇದೆ. ಕನ್ನಡ ಫಾಂಟ್ ಹಾಕಿ ‘ಸ್ತ್ರೀ’ ಅಂತ ಟೈಪ್ ಮಾಡಿದರೆ ಒತ್ತು ತಾನಾಗಿ ಕೆಳಗೆ ಕೂರುತ್ತದೆ. ಪದವನ್ನು ಮೇಲಿಂದ ಬೀಳುವ ಒಂದೊಂದು ಅಕ್ಷರದ ಬಿಲ್ಲೆಗಳಾಗಿ ಒಡೆಯುವುದು ಮಾತ್ರ ನನ್ನದೇ ಪಾಡು. ನಮಗೆ ‘ಸ್ತ್ರೀ’ ಒಂದೇ ಅಕ್ಷರ, ಕಂಪ್ಯೂಟರ್ ಅಕ್ಷರ ಗುರುತಿಸುವ ಯೂನಿಕೋಡ್‌ಗೆ ಆರು ಸಂಕೇತ. ಒಮ್ಮೆ ಬರೀ ಹಲಂತದ ಗುರುತೊಂದೇ ಬಿಲ್ಲೆಯಾಗಿ ಬಿತ್ತು. ಹಲಂತದ ಮುಂದೆ ವ್ಯಂಜನ ಇದ್ದರೆ ಸೇರಿಸು, ಇಲ್ಲದಿದ್ದರೆ ಹಿಂದಿನದಕ್ಕೇ ಬಿಡು ಅಂತ ನಿಯಮ ಬರೆದ ಮೇಲೆ ‘ಬಸ್’ ಕೂಡ ಸರಿಯಾಯಿತು.

2024ರ ಸೆಪ್ಟೆಂಬರ್ 12ಕ್ಕೆ, ಸರಿಯಾಗಿ ಒಂದು ವರ್ಷಕ್ಕೆ, ಯೂನಿಟಿ ಆ ಶುಲ್ಕವನ್ನು ಗೇಮ್‌ಗಳ ಮಟ್ಟಿಗೆ ರದ್ದು ಮಾಡಿತು. ಬದಲಿಗೆ ದುಡ್ಡು ಕೊಟ್ಟು ಪಡೆಯುವ ಪ್ರೊ ಪ್ಲಾನ್ ಬೆಲೆ 2025ರಿಂದ 8% ಏರಿ ಒಂದು ಸೀಟಿಗೆ (ಒಬ್ಬ ಬಳಕೆದಾರರಿಗೆ) ವರ್ಷಕ್ಕೆ 2,200 ಡಾಲರ್ ಆಯಿತು. ‘ಈಗ ವಾಪಸ್ ಬರ್ತೀಯಾ?’ ಅಂತ ಗೆಳೆಯ ಕೇಳಿದ. ಕಚೇರಿ ಕೆಲಸ ಇವತ್ತಿಗೂ ಯೂನಿಟಿಯಲ್ಲೇ, ಒಳ್ಳೆಯ ಎಂಜಿನ್ನೇ. ಪದದಾಟಕ್ಕೆ ಮಾತ್ರ ಮೂರು ತಿಂಗಳ ಶನಿವಾರ, ಭಾನುವಾರ ಹಾಕಿಯಾಗಿದೆ. ಆ ಒತ್ತಕ್ಷರದ ಚಿತ್ರಗಳನ್ನೂ ಅಳಿಸಿದ್ದೇನೆ.