ಅಂಗಾಲು ಉರಿದರೆ ಕೊಬ್ಬಿನ ಗುಳಿಗೆ ಬಿಡಬೇಕಾ? ನನ್ನ ಕ್ಲಿನಿಕ್ಕಿನ ಅನುಭವ

ಬಾಗಲಕೋಟೆ ಜಿಲ್ಲೆಯ ರಬಕವಿ-ಬನಹಟ್ಟಿ ಕಡೆ ನನ್ನದೊಂದು ಸಣ್ಣ ಕ್ಲಿನಿಕ್. ಬರುವವರಲ್ಲಿ ನೇಕಾರರು, ಕಬ್ಬು ಬೆಳೆಯುವ ರೈತರೇ ಜಾಸ್ತಿ. ಪದೇ ಪದೇ ಕೇಳುವ ಮಾತು ಒಂದೇ. "ಡಾಕ್ಟರ್ರ, ಅಂಗಾಲು ಉರಿತಾವ್ರಿ, ಈ ಕೊಬ್ಬಿನ ಗುಳಿಗಿ ಬಿಡ್ಲೇನ್ರಿ?" ಕೆಲವರಂತೂ ಬಿಟ್ಟ ಮೇಲೇ ಹೇಳೋಕೆ ಬರುತ್ತಾರೆ. ಹೃದಯದ ರಕ್ತನಾಳ ತೆರೆದಿಡೋಕೆ ಸ್ಟೆಂಟ್ ಹಾಕಿಸಿಕೊಂಡವರು ಹೀಗೆ ಮಾಡಿದಾಗ ನನಗೆ ನಿಜಕ್ಕೂ ಭಯವಾಗುತ್ತದೆ.

ಅವರ ಸಂಶಯ ಸುಮ್ನೆ ಹುಟ್ಟಿದ್ದಲ್ಲ. ಅಟೊರ್ವಾಸ್ಟಾಟಿನ್, ರೊಸುವಾಸ್ಟಾಟಿನ್ ತರಹದ ಈ ಕೊಬ್ಬಿನ ಗುಳಿಗೆಗಳು, ಅಂದರೆ ಸ್ಟಾಟಿನ್‌ಗಳು, ಲಿವರ್‌ನಲ್ಲಿ ಕೊಲೆಸ್ಟ್ರಾಲ್ ತಯಾರಾಗುವ ದಾರಿಯನ್ನೇ ತಡೆಯುತ್ತವೆ. ಜೀವಕೋಶಗಳು ಶಕ್ತಿ ತಯಾರಿಸೋಕೆ ಬೇಕಾದ ಕೋಎಂಜೈಮ್ ಕ್ಯೂ10 ತಯಾರಾಗುವುದೂ ಅದೇ ದಾರಿಯಲ್ಲಿ, ನರದ ಹೊದಿಕೆಗೂ ಕೊಲೆಸ್ಟ್ರಾಲ್ ಬೇಕು. ಹಾಗಾಗಿ ನರಕ್ಕೆ ತೊಂದರೆ ಆಗಬಹುದಾ ಅಂತ ಕೇಳಬೇಕಾದದ್ದೇ. 2002ರಲ್ಲಿ ಡೆನ್ಮಾರ್ಕ್‌ನ ಒಂದು ಅಧ್ಯಯನ ಸ್ಟಾಟಿನ್‌ಗೂ ನರದ ಕಾಯಿಲೆಗೂ ನಂಟಿದೆ ಅಂದಿತು. ಮುಂದೆ ಅದೇ ದೇಶದಲ್ಲಿ ಮತ್ತೆ ನೋಡಿದಾಗ ಆ ನಂಟು ಕಾಣಲಿಲ್ಲ. ನನ್ನ ಅಭಿಪ್ರಾಯ ಇಷ್ಟೇ: ಅಪರೂಪಕ್ಕೆ ಆಗಬಹುದು, ಆದರೆ ಗುಳಿಗೆಯ ಮೇಲೆ ಅನುಮಾನ ಪಡೋದು ಕೊನೆಗೆ.

ಮೊದಲು ಕೇಳೋದು, ನೋವು ಎಲ್ಲಿ? ತೊಡೆ, ಭುಜ ನೋಯುತ್ತಿದ್ದರೆ ಅದು ಸ್ನಾಯುವಿನ ವಿಷಯ, ಸ್ಟಾಟಿನ್‌ನಿಂದ ಬರೋದು ಹೆಚ್ಚಾಗಿ ಅದೇ. ನರದ್ದಾದರೆ ಸಾಮಾನ್ಯವಾಗಿ ಎರಡೂ ಕಾಲಿನ ಬೆರಳ ತುದಿಯಿಂದ ಶುರುವಾಗಿ ಮೇಲಕ್ಕೆ ಬರುತ್ತದೆ, ರಾತ್ರಿ ಉರಿ ಜಾಸ್ತಿ.

ಆಮೇಲೆ ಕಣ್ಣು ಮುಚ್ಚಿಸಿ ಕಾಲು ಮುಟ್ಟಿ ನೋಡುತ್ತೇನೆ. ಇದಕ್ಕೆ ಒಂದು ನೈಲಾನ್ ಎಳೆ ಇದೆ, 10 ಗ್ರಾಂ ಒತ್ತಡಕ್ಕೆ ಬಾಗುತ್ತದೆ. ಕೈಮಗ್ಗದ ನೇಕಾರರೊಬ್ಬರಿಗೆ ಹೆಬ್ಬೆರಳ ಕೆಳಗೆ ಎಳೆ ಬಾಗುವವರೆಗೆ ಒತ್ತಿದೆ. "ಇನ್ನ ಮುಟ್ಟಿಲ್ಲಲ್ರಿ?" ಅಂದರು. 128 ಹರ್ಟ್ಸ್ ಟ್ಯೂನಿಂಗ್ ಫೋರ್ಕ್ ಬಡಿದು ಬೆರಳಿನ ಎಲುಬಿನ ಮೇಲಿಟ್ಟರೆ ಅದರ ನಡುಕವೂ ಗೊತ್ತಾಗಲಿಲ್ಲ. ಚಪ್ಪಲಿ ಕಳಚಿ ಹೋದರೂ ತಿಳಿಯೋದಿಲ್ಲ, ಮಗ್ಗ ತುಳಿಯುವಾಗ ಕಾಲು ಎಲ್ಲಿದೆ ಅಂತ ಬಗ್ಗಿ ನೋಡಬೇಕು ಅಂತ ಅವರೇ ಹೇಳಿದರು. ಸಕ್ಕರೆ ಕಾಯಿಲೆಗೆ ವರ್ಷಗಟ್ಟಲೆ ಮೆಟ್‌ಫಾರ್ಮಿನ್, ಊಟ ಪೂರ್ತಿ ಸಸ್ಯಾಹಾರ. ಎರಡೂ ಸೇರಿದರೆ ನನಗೆ ನರಕ್ಕೆ ಬೇಕಾದ ವಿಟಮಿನ್ ಬಿ12 ನೆನಪಾಗಲೇಬೇಕು, ಯಾಕೆಂದರೆ ಮೆಟ್‌ಫಾರ್ಮಿನ್ ಬಿ12 ಹೀರಿಕೊಳ್ಳುವುದನ್ನು ಕಡಿಮೆ ಮಾಡುತ್ತದೆ, ಸಸ್ಯಾಹಾರದಲ್ಲಿ ಹಾಲು ಮೊಸರು ಬಿಟ್ಟರೆ ಅದು ಸಿಗೋದೇ ಕಷ್ಟ. ಪರೀಕ್ಷೆಯಲ್ಲಿ ತೀರಾ ಕಡಿಮೆ ಬಂತು. ಇಂಜೆಕ್ಷನ್ ಶುರು ಮಾಡಿದೆ, ಸಕ್ಕರೆ ಹತೋಟಿಗೆ ತಂದೆವು, ಅಟೊರ್ವಾಸ್ಟಾಟಿನ್ ಮಾತ್ರ ಮುಟ್ಟಲಿಲ್ಲ. ಗುಳಿಗೆ ಹಾಗೇ ಇದ್ದರೂ ಉರಿ ತಿಂಗಳುಗಳಲ್ಲಿ ಇಳಿಯಿತು. ಜೋಮು ಪೂರ್ತಿ ಹೋಗಿಲ್ಲ.

ಉರಿಗೆ ಬೇರೆ ಕಾರಣ ಇದೆಯಾ ಅಂತ ಥೈರಾಯ್ಡ್, ಕಿಡ್ನಿ ಪರೀಕ್ಷೆ ಮಾಡಿಸುತ್ತೇನೆ. ಕುಡಿತದ ಬಗ್ಗೆ ಮನೆಯವರನ್ನೂ ಕೇಳುತ್ತೇನೆ. ನರಕ್ಕೆ ಪೆಟ್ಟು ಕೊಡುವ ಕುಷ್ಠರೋಗ ನಮ್ಮ ದೇಶದಿಂದ ಇನ್ನೂ ಹೋಗಿಲ್ಲ, ಅದಕ್ಕೇ ಮೊಣಕೈ ಹಿಂದಿನ ನರ ದಪ್ಪಗಾಗಿದೆಯಾ, ಮೈಮೇಲೆ ಸ್ಪರ್ಶ ಇಲ್ಲದ ಮಚ್ಚೆ ಇದೆಯಾ ಅಂತ ನೋಡದೆ ಬಿಡೋದಿಲ್ಲ.

ಇಷ್ಟೆಲ್ಲ ಸರಿ ಇದ್ದರೆ ಹಳೇ ಚೀಟಿಗಳನ್ನು ತರಿಸಿ ತಾರೀಖು ಹೊಂದಿಸುತ್ತೇನೆ. ಒಬ್ಬ ಹೆಣ್ಣುಮಗಳಿಗೆ ಎಲ್ಲ ಪರೀಕ್ಷೆಯೂ ಸರಿ ಇತ್ತು, ಉರಿ ಶುರುವಾಗಿದ್ದು ಸ್ಟಾಟಿನ್ ಡೋಸ್ ಹೆಚ್ಚಿಸಿದ ಮೇಲೆ. ಅವರ ಹೃದಯದ ಡಾಕ್ಟರ್ ಜೊತೆ ಮಾತಾಡಿ ಡೋಸ್ ಇಳಿಸಿ, ಕೊಲೆಸ್ಟ್ರಾಲ್ ತಗ್ಗಿಸುವ ಬೇರೆ ಗುಳಿಗೆ ಎಜೆಟಿಮೈಬ್ ಸೇರಿಸಿದೆವು. ಕೊಲೆಸ್ಟ್ರಾಲ್ ಏರಲಿಲ್ಲ. ಆದರೆ ಒಂದು ವಾರಕ್ಕೇ "ಏನೂ ಕಡಿಮಿ ಆಗಿಲ್ರಿ" ಅಂತ ಬಂದರು. ನರ ಹಾಗೆ ವಾರದಲ್ಲಿ ಸುಧಾರಿಸೋದಿಲ್ಲ, ತಿಂಗಳುಗಳೇ ಬೇಕು. ನಾಲ್ಕು ದಿನ ಗುಳಿಗೆ ಬಿಟ್ಟು ನೋಡ್ತೀನಿ ಅನ್ನೋದರಿಂದ ನರದ ಬಗ್ಗೆ ಏನೂ ಗೊತ್ತಾಗೋದಿಲ್ಲ, ಹೃದಯಕ್ಕೆ ಮಾತ್ರ ಅಪಾಯ. ಅವರು ಕಾದರು. ಉರಿ ನಿಧಾನಕ್ಕೆ ತಗ್ಗಿತು.

ಗುಳಿಗೆಯದೇ ಕೆಲಸ ಅಂತ ಇದರಿಂದ ಸಾಬೀತಾಗೋದಿಲ್ಲ. ಅದಕ್ಕೇ ಅವರ ಫೈಲಿನಲ್ಲಿ "ಸಂಶಯ" ಅಂತಲೇ ಬರೆದೆ, ಔಷಧಿಯ ಹೆಸರು, ಡೋಸ್ ಸಮೇತ. ಭಾರತದ ಔಷಧ ಅಡ್ಡಪರಿಣಾಮ ನಿಗಾ ಕಾರ್ಯಕ್ರಮಕ್ಕೂ ತಿಳಿಸಿದೆ. ಅಲ್ಲಿಗೆ ವರದಿ ಮಾಡೋಕೆ ಸಂಶಯ ಇದ್ದರೆ ಸಾಕು, ರೋಗಿಗಳೇ ನೇರವಾಗಿ 1800-180-3024ಕ್ಕೆ ಫೋನ್ ಮಾಡಿಯೂ ಹೇಳಬಹುದು.